ಕಚ್ಚಿಸಿಕೊಂಡವರಿಗೆ ಸೂಜಿ, ಕಚ್ಚಿದ ನಾಯಿಗೆ ಕೋಲು

ಪ್ರತಿ ವರ್ಷ ಸೆಪ್ಟೆಂಬರ್ 28ರ ಹಿಂದುಮುಂದು ತಾಲ್ಲೂಕು ಪಶು ಆಸ್ಪತ್ರೆಯಿಂದ ನನ್ನ ವಾಟ್ಸಾಪ್‌ಗೆ ಒಂದು ಪ್ರಕಟಣೆ, ಜೊತೆಗೆ ಎರಡು ಫೋಟೊ ಬರುತ್ತವೆ. 'ವಿಶ್ವ ರೇಬಿಸ್ ದಿನಾಚರಣೆ, ಸಾಕು ನಾಯಿಗಳಿಗೆ ಉಚಿತ ಲಸಿಕೆ'. ಒಂದು ಫೋಟೊದಲ್ಲಿ ಲ್ಯಾಬ್ರಡಾರ್, ಇನ್ನೊಂದರಲ್ಲಿ ಪೊಮೇರಿಯನ್, ಹಿಂದೆ ಬ್ಯಾನರ್ ಹಿಡಿದ ಸಿಬ್ಬಂದಿ. ನಾನು ನಾಲ್ಕು ಸಾಲು ಟೈಪ್ ಮಾಡಿ ಜಿಲ್ಲಾ ಡೆಸ್ಕಿಗೆ ಕಳಿಸುತ್ತೇನೆ. ಹೋದ ವರ್ಷ ಮಾತ್ರ ಫೋಟೊವನ್ನು ಸ್ವಲ್ಪ ದೊಡ್ಡದು ಮಾಡಿ ನೋಡಿದೆ. ಬ್ಯಾನರಿನ ಪಕ್ಕ, ಆಸ್ಪತ್ರೆ ಗೇಟಿನ ಹೊರಗೆ, ಮೂರು ಬೀದಿ ನಾಯಿಗಳು ಕೂತು ಒಳಗೆ ನೋಡುತ್ತಿದ್ದವು. ಅವು ಅಲ್ಲೇ ಇರುವ ನಾಯಿಗಳು. ಆವತ್ತು ಅವಕ್ಕೆ ಯಾರೂ ಸೂಜಿ ಚುಚ್ಚಲಿಲ್ಲ.

ಡಿಪ್ಲೊಮಾ ಮುಗಿಸಿ ಈ ಕೆಲಸಕ್ಕೆ ಬಂದ ಮೇಲೆ ನಾನು ಬರೆದ ಸಿಂಗಲ್ ಕಾಲಂ ಸುದ್ದಿಗಳಲ್ಲಿ 'ಹುಚ್ಚುನಾಯಿ ದಾಳಿ: ಐವರಿಗೆ ಗಾಯ' ಎಂಬಂಥವು ಎಷ್ಟಿವೆಯೋ ಲೆಕ್ಕವಿಟ್ಟಿಲ್ಲ. ಎಲ್ಲದರ ಕೊನೆಯ ಸಾಲೂ ಒಂದೇ. ಗಾಯಾಳುಗಳು ಆಸ್ಪತ್ರೆಗೆ ದಾಖಲು, ನಾಯಿಯನ್ನು ಗ್ರಾಮಸ್ಥರು ಹೊಡೆದು ಕೊಂದರು. ಆ ಕೊನೆಯ ಸಾಲು ಎಲ್ಲಿಂದ ಬಂತು ಎಂದು ಹುಡುಕುತ್ತ ಹೋದಾಗ ಸಿಕ್ಕ ಕಥೆ ಇದು. ಅದು ಶುರುವಾಗುವುದು ಫ್ರಾನ್ಸಿನಲ್ಲಿ, ಅದೂ ಪಶುವೈದ್ಯರ ಮನೆಯಲ್ಲಿ.

ಲೂಯಿ ಪಾಶ್ಚರ್ ಹೆಸರನ್ನು ನಾವೆಲ್ಲ ಶಾಲೆಯಲ್ಲಿ ಓದಿದ್ದೇವೆ. ಪಿಯೆರ್-ವಿಕ್ಟರ್ ಗಾಲ್ಟಿಯೇ ಹೆಸರು ಓದಿಲ್ಲ. ಆತ ಲಿಯೋನ್ ನಗರದ ಪಶುವೈದ್ಯ ಶಾಲೆಯಲ್ಲಿ ಮೇಷ್ಟ್ರು. ಜಗತ್ತಿನ ಮೊಟ್ಟಮೊದಲ ಪಶುವೈದ್ಯ ಶಾಲೆ ಅದು. 1879ರಲ್ಲಿ ಗಾಲ್ಟಿಯೇ ಹುಚ್ಚುನಾಯಿ ರೋಗವನ್ನು ಮೊಲಕ್ಕೆ ದಾಟಿಸಬಹುದು ಎಂದು ತೋರಿಸಿದ. ಇದರಿಂದ ಏನಾಯಿತೆಂದರೆ, ಕಚ್ಚಲು ಬರುವ ನಾಯಿಯನ್ನು ಕಟ್ಟಿಕೊಂಡು ಪ್ರಯೋಗ ಮಾಡುವ ಕಷ್ಟ ತಪ್ಪಿತು. ಎರಡು ವರ್ಷದ ನಂತರ, ರೋಗದ ಜೊಲ್ಲನ್ನು ಕುರಿಯ ರಕ್ತನಾಳಕ್ಕೆ ಕೊಟ್ಟರೆ ಆ ಕುರಿಗೆ ಮುಂದೆ ರೋಗ ತಗಲುವುದಿಲ್ಲ ಎಂದೂ ಬರೆದ. ಪಾಶ್ಚರ್ ಈ ವಿಷಯಕ್ಕೆ ಕೈ ಹಾಕಿದ್ದು ಗಾಲ್ಟಿಯೇಯ ಮೊಲದ ಪ್ರಯೋಗ ಆದ ಮೇಲೆ.

ಪಾಶ್ಚರ್ ಮತ್ತು ಆತನ ಜೊತೆಗಾರ ಎಮಿಲ್ ರೂ ರೋಗ ತಗಲಿದ ಮೊಲದ ಬೆನ್ನುಹುರಿಯನ್ನು ಗಾಜಿನ ಸೀಸೆಯಲ್ಲಿ ನೇತುಹಾಕಿ ಒಣಗಿಸಿದರು. ದಿನ ಕಳೆದಷ್ಟೂ ಅದರ ಬಲ ಕುಗ್ಗುತ್ತಿತ್ತು. ಬಲ ಕುಗ್ಗಿದ್ದನ್ನು ಮೊದಲು, ಬಲವಿದ್ದದ್ದನ್ನು ಆಮೇಲೆ, ಹೀಗೆ ಮೆಟ್ಟಿಲು ಮೆಟ್ಟಿಲಾಗಿ ಕೊಟ್ಟರು. ಕೊಟ್ಟದ್ದು ಯಾರಿಗೆ? ನಾಯಿಗಳಿಗೆ. 1884ರಲ್ಲಿ ಫ್ರೆಂಚ್ ಸರ್ಕಾರ ನೇಮಿಸಿದ ಸಮಿತಿ ಬಂದು ಪರೀಕ್ಷಿಸಿದ್ದೂ ಲಸಿಕೆ ಪಡೆದ ನಾಯಿಗಳನ್ನೇ. ಅಂದರೆ ಜಗತ್ತಿನಲ್ಲಿ ರೇಬಿಸ್ ಲಸಿಕೆ ಹಾಕಿಸಿಕೊಂಡ ಮೊದಲಿಗರು ಮನುಷ್ಯರಲ್ಲ. ಅಲ್ಸೇಸಿನ ಒಂಬತ್ತು ವರ್ಷದ ಹುಡುಗ ಜೋಸೆಫ್ ಮೈಸ್ಟರ್‌ಗೆ ಪ್ಯಾರಿಸಿನಲ್ಲಿ ಸೂಜಿ ಚುಚ್ಚಿದ್ದು 1885ರ ಜುಲೈ 6ರಂದು. ಚರಿತ್ರೆ ಆ ತಾರೀಖಿನಿಂದ ಶುರುವಾಗುತ್ತದೆ, ಹಿಂದಿನ ನಾಯಿಗಳು ಅಡಿಟಿಪ್ಪಣಿಗೆ ಹೋಗುತ್ತವೆ.

ನಾಯಿಗಳಿಗೇ ಲಸಿಕೆ ಹಾಕಿದರೆ ಆಗದೇ ಎಂಬ ಯೋಚನೆ ಪಾಶ್ಚರನಿಗೆ ಬಂದಿತ್ತು. ಅವನ ಅಳಿಯ ವ್ಯಾಲೆರಿ-ರಾಡೋ ಬರೆದ ಜೀವನಚರಿತ್ರೆಯಲ್ಲಿ ಇದರ ಲೆಕ್ಕವಿದೆ. ಪ್ಯಾರಿಸಿನಲ್ಲಿ ಒಂದು ಲಕ್ಷ ನಾಯಿ, ಉಳಿದ ಫ್ರಾನ್ಸಿನಲ್ಲಿ ಸುಮಾರು 25 ಲಕ್ಷ. ಒಂದೊಂದಕ್ಕೂ ಹಲವು ಸಲ ಚುಚ್ಚಬೇಕು. ಅಷ್ಟು ಮೊಲ ಎಲ್ಲಿಂದ, ಅಷ್ಟು ಜನ ಎಲ್ಲಿಂದ? ಆಗುವ ಕೆಲಸವಲ್ಲ ಎಂದು ಬಿಟ್ಟರು. ರೋಗ ನಿಧಾನವಾಗಿ ನರಗಳ ಹಾದಿ ಹಿಡಿದು ಮಿದುಳಿಗೆ ಹೋಗುತ್ತದೆ, ಹಾಗಾಗಿ ಕಚ್ಚಿದ ಮೇಲೂ ಸಮಯವಿರುತ್ತದೆ, ಕಚ್ಚಿಸಿಕೊಂಡವರಿಗೆ ಮಾತ್ರ ಕೊಟ್ಟರೆ ಸಾಕು. ಆಗಿನ ತಿಳಿವಳಿಕೆಗೆ, ಆಗಿನ ಲಸಿಕೆಗೆ ಅದು ಸರಿಯಾದ ತೀರ್ಮಾನವೇ. ತೊಂದರೆ ಇರುವುದು, ಲಸಿಕೆ ಬದಲಾದರೂ ನಾವು ಆ ತೀರ್ಮಾನದಲ್ಲೇ ಉಳಿದದ್ದರಲ್ಲಿ.

ಹಿಂದೂಸ್ತಾನಕ್ಕೆ ಬಂದದ್ದೂ ಇದೇ ರೂಪದಲ್ಲಿ. ಮೊದಮೊದಲು ಹುಚ್ಚುನಾಯಿ ಕಚ್ಚಿದ ಬ್ರಿಟಿಷ್ ಸೈನಿಕರನ್ನು ಹಡಗು ಹತ್ತಿಸಿ ಪ್ಯಾರಿಸಿಗೆ ಕಳಿಸುತ್ತಿದ್ದರು. 1900ರಲ್ಲಿ ಹಿಮಾಲಯದ ತಪ್ಪಲಿನ ಕಸೌಲಿಯಲ್ಲಿ ಪಾಶ್ಚರ್ ಸಂಸ್ಥೆ ಶುರುವಾಯಿತು. ದಕ್ಷಿಣದವರಿಗೆ 1907ರಲ್ಲಿ ನೀಲಗಿರಿಯ ಕೂನೂರಿನಲ್ಲಿ ಇನ್ನೊಂದು. ಅದಕ್ಕೆ ಅಮೆರಿಕದ ಹೆನ್ರಿ ಫಿಪ್ಸ್ ಎಂಬ ಸಿರಿವಂತ ಕೊಟ್ಟ ದೇಣಿಗೆಯ ಹಣ ಬಳಕೆಯಾಯಿತು.

ಕಸೌಲಿಯ ಮೊದಲ ನಿರ್ದೇಶಕ ಡೇವಿಡ್ ಸೆಂಪಲ್ 1911ರಲ್ಲಿ ಹೊಸ ಬಗೆಯ ಲಸಿಕೆ ಮಾಡಿದ. ರೋಗ ತಗಲಿಸಿದ ಪ್ರಾಣಿಯ ಮಿದುಳನ್ನು ಅರೆದು, ಕಾರ್ಬಾಲಿಕ್ ಆಮ್ಲ ಸೇರಿಸಿ ವೈರಾಣುವನ್ನು ಸಾಯಿಸಿ ಸೀಸೆಗೆ ತುಂಬುವುದು. ಮುಂದೆ ಇದನ್ನು ದೊಡ್ಡ ಪ್ರಮಾಣದಲ್ಲಿ ಮಾಡಿದ್ದು ಕುರಿಯ ಮಿದುಳಿನಿಂದ. ಸತ್ತ ವೈರಾಣುವಾದ್ದರಿಂದ ಈ ಸೀಸೆಯನ್ನು ದೂರದೂರಿಗೆ ಕಳಿಸಬಹುದಿತ್ತು. ರೋಗಿ ಬೆಟ್ಟ ಹತ್ತಬೇಕಾಗಿರಲಿಲ್ಲ, ಔಷಧವೇ ಇಳಿದು ಬಂತು. ಜಿಲ್ಲೆ, ಆಮೇಲೆ ತಾಲ್ಲೂಕು ಆಸ್ಪತ್ರೆಗಳವರೆಗೆ ಬಂತು. ಎಷ್ಟೋ ಜೀವ ಉಳಿಸಿತು, ಅದನ್ನು ಮರೆಯಬಾರದು. ಹಾಗೇ ಕೆಲವರಿಗೆ ಆ ಮಿದುಳಿನ ಅಂಶದಿಂದಲೇ ಪಾರ್ಶ್ವವಾಯು ಹೊಡೆಯಿತು ಎಂಬುದನ್ನೂ.

ಹೊಕ್ಕುಳ ಸುತ್ತ ಹದಿನಾಲ್ಕು ಇಂಜೆಕ್ಷನ್ ಎಂದು ನಮ್ಮ ಹಿರಿಯರು ಹೆದರಿಸುತ್ತಿದ್ದದ್ದು ಈ ಸೆಂಪಲ್ ಲಸಿಕೆಯನ್ನೇ. ನನಗೆ ಯಾರೂ ಹೆದರಿಸಬೇಕಾಗಿಲ್ಲ, ನನಗೇ ಆಗಿದೆ. ಮೂರನೇ ಕ್ಲಾಸಿನಲ್ಲಿದ್ದೆ. ಪಕ್ಕದ ಮನೆಯ ಕರಿಯ ಮೊಣಕಾಲ ಕೆಳಗೆ ಹಿಡಿದಿತ್ತು. ಅಜ್ಜಿ ಮೊದಲು ಗಾಯಕ್ಕೆ ಖಾರದಪುಡಿ, ಸುಣ್ಣ ಮೆತ್ತಿದಳು (ಯಾರೂ ಮಾಡಬೇಡಿ. ಸೋಪು ಹಚ್ಚಿ ಹದಿನೈದು ನಿಮಿಷ ಹರಿಯುವ ನೀರಲ್ಲಿ ತೊಳೆದು ಆಸ್ಪತ್ರೆಗೆ ಓಡಿ). ಆಮೇಲೆ ಹದಿನಾಲ್ಕು ದಿನ ಬೆಳಗಿನ ಬಸ್ಸಿಗೆ ಅಪ್ಪನ ಜೊತೆ ಆಸ್ಪತ್ರೆಗೆ. ಹೊಟ್ಟೆಯ ಚರ್ಮ ಎತ್ತಿ ಹಿಡಿದು ಚುಚ್ಚುತ್ತಿದ್ದರು. ನಾಲ್ಕನೇ ದಿನದಿಂದ ಚಡ್ಡಿಯ ಗುಂಡಿ ಹಾಕಲಾಗುತ್ತಿರಲಿಲ್ಲ. ಅಪ್ಪನ ಹದಿನಾಲ್ಕು ದಿನದ ಕೂಲಿ ಹೋಯಿತು.

ಕರಿಯ? ಮೊದಲ ದಿನವೇ ಅದನ್ನು ಬಡಿಗೆಯಿಂದ ಬಡಿದು ಹಳ್ಳದ ಕಡೆ ಎಸೆದು ಬಂದಿದ್ದರು. ಅದಕ್ಕೆ ಹುಚ್ಚು ಹಿಡಿದಿತ್ತೋ ಇಲ್ಲವೋ ಗೊತ್ತಾಗಲೇ ಇಲ್ಲ. ಕಟ್ಟಿಹಾಕಿ ಹತ್ತು ದಿನ ನೋಡಿದ್ದರೆ ತಿಳಿಯುತ್ತಿತ್ತು. ಹುಚ್ಚು ಹಿಡಿದ ನಾಯಿಯಾದರೆ ಅಷ್ಟರೊಳಗೆ ಸಾಯುತ್ತದೆ. ಬದುಕಿ ಓಡಾಡಿಕೊಂಡಿದ್ದರೆ, ಕಚ್ಚಿದ ದಿನ ಅದರ ಜೊಲ್ಲಿನಲ್ಲಿ ರೋಗವಿರಲಿಲ್ಲ ಎಂದರ್ಥ. ಕರಿಯನಿಗೆ ಜೀವಮಾನದಲ್ಲಿ ಒಂದು ಲಸಿಕೆಯೂ ಬಿದ್ದಿರಲಿಲ್ಲ. ಊರಿನ ಯಾವ ನಾಯಿಗೂ ಬಿದ್ದಿರಲಿಲ್ಲ.

ನನ್ನ ಹೊಟ್ಟೆಗೆ ಕುರಿಮಿದುಳಿನ ಲಸಿಕೆ ಚುಚ್ಚಿದ ಹೊತ್ತಿಗೆ ಬೇರೆ ಕಡೆ ಏನೇನು ಆಗಿಹೋಗಿತ್ತು ಎಂದು ನೋಡಿದರೆ ಹೊಟ್ಟೆ ಉರಿಯುತ್ತದೆ. ಜಪಾನಿನ ಉಮೆನೊ ಮತ್ತು ಡೋಯಿ ಎಂಬ ಇಬ್ಬರು 1921ರಲ್ಲೇ ಒಂದೇ ಸಲ ಚುಚ್ಚಿದರೆ ಸಾಕಾಗುವ ನಾಯಿ ಲಸಿಕೆಯ ವಿವರ ಪ್ರಕಟಿಸಿದರು. ಪ್ಯಾರಿಸಿನ ಲೆಕ್ಕ ಅಲ್ಲಿಗೇ ತಲೆಕೆಳಗಾಯಿತು. 1950ರಲ್ಲಿ ಆ ದೇಶ ಕಾನೂನನ್ನೇ ಮಾಡಿತು: ನಾಯಿ ಸಾಕಿದವರು ನೋಂದಾಯಿಸಬೇಕು, ಲಸಿಕೆ ಹಾಕಿಸಬೇಕು. 1957ರ ನಂತರ ಅಲ್ಲಿನ ನೆಲದಲ್ಲಿ ಯಾವ ಪ್ರಾಣಿಗೂ ರೇಬಿಸ್ ಹುಟ್ಟಿಲ್ಲ. ಮಲಯಾದಲ್ಲಿ 1952ರಲ್ಲಿ ಊರೂರಿನ ನಾಯಿಗಳಿಗೆ ಕಡ್ಡಾಯ ಲಸಿಕೆ ಹಾಕಿದರು, ಎರಡೇ ವರ್ಷದಲ್ಲಿ ರೋಗ ನಿಂತಿತು. ಎರಡೂ ಕಡೆ ಬೀದಿ ನಾಯಿಗಳನ್ನು ಹಿಡಿದು ಕೊಂದದ್ದೂ ಉಂಟು, ಮುಚ್ಚಿಡುವುದು ಬೇಡ. ಬ್ರಿಟನ್ನಿನದು ಬೇರೆ ದಾರಿ. ಬೀದಿಗೆ ಬಂದ ನಾಯಿಗೆಲ್ಲ ಬಾಯಿಕುಕ್ಕೆ, ಹೊರದೇಶದಿಂದ ತಂದ ನಾಯಿಗೆ ತಿಂಗಳುಗಟ್ಟಲೆ ಪ್ರತ್ಯೇಕ ವಾಸ. 1902ಕ್ಕೆ ರೋಗ ಹೋಯಿತು. ಮೊದಲ ಮಹಾಯುದ್ಧದಿಂದ ಮರಳಿದ ಸೈನಿಕರು ಕದ್ದು ತಂದ ನಾಯಿಯಿಂದ 1918ರಲ್ಲಿ ಮತ್ತೆ ಬಂತು, 1922ಕ್ಕೆ ಮತ್ತೆ ಹೋಯಿತು. ಬಾಯಿಕುಕ್ಕೆ, ಪ್ರತ್ಯೇಕ ವಾಸ ಎಲ್ಲ ದ್ವೀಪಕ್ಕೆ, ಒಡೆಯನಿರುವ ನಾಯಿಗೆ ಆದೀತು. ನಮ್ಮಲ್ಲಿ ಓಣಿಯ ನಾಯಿಗೆ ಒಡೆಯ ಇಡೀ ಓಣಿ, ಅಂದರೆ ಯಾರೂ ಅಲ್ಲ.

ಕೊಲ್ಲುವುದನ್ನು ನಾವೂ ಮಾಡಿದೆವು, ಬಹಳ ಮಾಡಿದೆವು. ವಿಷದ ಉಂಡೆ, ಕೊರಳಿಗೆ ತಂತಿ, ಎಲ್ಲ ಆಯಿತು. ರೋಗ ಹೋಗಲಿಲ್ಲ. ಕಾರಣ ಸರಳ. ಒಂದು ಹುಚ್ಚುನಾಯಿಯಿಂದ ರೋಗ ತಗಲುವುದು ಸರಾಸರಿ ಒಂದೋ ಎರಡೋ ನಾಯಿಗೆ ಮಾತ್ರ. ಅಂಟುರೋಗಗಳ ಲೆಕ್ಕದಲ್ಲಿ ಇದು ತೀರಾ ಬಡವ. ಹತ್ತರಲ್ಲಿ ಏಳು ನಾಯಿಗೆ ಲಸಿಕೆ ಬಿದ್ದರೆ ಮುಂದೆ ಹೋಗಲು ದಾರಿ ಸಿಗದೆ ಕೊಂಡಿ ತುಂಡಾಗುತ್ತದೆ. ಕೊಂದರೆ ಆಗುವುದು ಇದರ ತಿರುಗುಮುರುಗು. ಖಾಲಿಯಾದ ಓಣಿಗೆ, ಅಲ್ಲಿನ ಎಂಜಲಿಗೆ ಪಕ್ಕದೂರಿನ ನಾಯಿ ಬರುತ್ತದೆ, ಹೊಸ ಮರಿ ಹುಟ್ಟುತ್ತವೆ, ಒಂದಕ್ಕೂ ಲಸಿಕೆ ಬಿದ್ದಿರುವುದಿಲ್ಲ. ಲಸಿಕೆ ಬಿದ್ದಿದ್ದ ನಾಯಿಯನ್ನೇ ಕೊಂದಿದ್ದರಂತೂ ಗೋಡೆಯಿಂದ ಇಟ್ಟಿಗೆ ಕಿತ್ತಂತೆ. 2001ರ ಡಿಸೆಂಬರಿನಲ್ಲಿ ಬಂದ ಕೇಂದ್ರದ ಪ್ರಾಣಿ ಸಂತಾನ ನಿಯಂತ್ರಣ ನಿಯಮಗಳು ಸಂತಾನಹರಣದ ಜೊತೆ ಲಸಿಕೆಯೂ ಆಗಬೇಕೆಂದು ಹೇಳಿದವು. ಕಾಗದದ ಮೇಲೆ ಅಂದೇ ಸರಿಹೋಯಿತು. ಸೆಂಪಲ್ ಲಸಿಕೆ ದೇಶದಲ್ಲಿ ಪೂರ್ತಿ ನಿಂತದ್ದು 2004ರ ಕೊನೆಗೆ. ಈಗ ತೋಳಿಗೆ ನಾಲ್ಕೈದು ಸೂಜಿ, ಗಾಯ ಆಳವಾಗಿದ್ದರೆ ಜೊತೆಗೆ ಸೀರಂ.

ಸೀರಂ ವಿಷಯ ಬಂತು, ಅದಕ್ಕೊಂದು ತೋಳದ ಕಥೆಯಿದೆ. 1954ರ ಆಗಸ್ಟಿನಲ್ಲಿ ಇರಾನಿನ ಒಂದು ಹಳ್ಳಿಗೆ ಹುಚ್ಚು ಹಿಡಿದ ತೋಳ ನುಗ್ಗಿ ಒಂದೇ ರಾತ್ರಿ 29 ಜನರನ್ನು ಕಚ್ಚಿತು. ಎಷ್ಟೋ ಜನರಿಗೆ ತಲೆ, ಮುಖಕ್ಕೇ ಗಾಯ. ಅವರನ್ನು ಟೆಹರಾನಿನ ಪಾಶ್ಚರ್ ಸಂಸ್ಥೆಗೆ ತಂದರು. ಕೆಲವರಿಗೆ ಲಸಿಕೆ ಮಾತ್ರ, ಕೆಲವರಿಗೆ ಲಸಿಕೆಯ ಜೊತೆ ಸೀರಂ. ತಲೆಗೆ ಕಚ್ಚಿಸಿಕೊಂಡವರಲ್ಲಿ ಲಸಿಕೆ ಮಾತ್ರ ಪಡೆದ ಹೆಚ್ಚಿನವರು ಸತ್ತರು, ಸೀರಂ ಸಿಕ್ಕವರು ಒಬ್ಬರನ್ನುಳಿದು ಎಲ್ಲ ಬದುಕಿದರು. ಇವತ್ತು ನಮ್ಮ ತಾಲ್ಲೂಕು ಆಸ್ಪತ್ರೆಯಲ್ಲಿ ಗಾಯದ ಸುತ್ತ ಸೀರಂ ಕೊಡುತ್ತಾರಲ್ಲ, ಅದರ ಬೇರು ಆ ರಾತ್ರಿಯಲ್ಲಿದೆ. ಈ ತೋಳದ ಕಥೆಯಲ್ಲೂ ಚಿಕಿತ್ಸೆ ಮನುಷ್ಯನಿಗೇ. ಕಾಡಿನ ಪ್ರಾಣಿಗೆ ಲಸಿಕೆ ಕೊಡಬಹುದು ಎಂದು ಆಗ ಯಾರು ನಂಬುತ್ತಿದ್ದರು?

ನಂಬಿದ್ದು ಸ್ವಿಟ್ಜರ್ಲೆಂಡಿನವರು, ಬೇರೆ ದಾರಿ ಇಲ್ಲದೆ. ಎರಡನೇ ಮಹಾಯುದ್ಧದ ಸುಮಾರಿಗೆ ಯುರೋಪಿನ ಪೂರ್ವದಿಂದ ನರಿಗಳಲ್ಲಿ ರೇಬಿಸ್ ಹೊರಟಿತು. ವರ್ಷಕ್ಕಿಷ್ಟು ಕಿಲೋಮೀಟರ್ ಎಂದು ಪಶ್ಚಿಮಕ್ಕೆ ಸರಿಯುತ್ತ 1967ರಲ್ಲಿ ಸ್ವಿಟ್ಜರ್ಲೆಂಡ್ ಮುಟ್ಟಿತು. ಬಿಲಗಳಿಗೆ ವಿಷಗಾಳಿ ಬಿಟ್ಟರು, ಬಂದೂಕು ಹಿಡಿದರು. ನರಿ ಮತ್ತೆ ಹುಟ್ಟಿತು, ರೋಗ ಮುಂದೆ ಹೋಯಿತು. ಅಷ್ಟರಲ್ಲಿ ಅಮೆರಿಕದ ಜಾರ್ಜ್ ಬೇರ್ ಎಂಬ ಪಶುವೈದ್ಯ ಬಲ ಕುಗ್ಗಿಸಿದ ಜೀವಂತ ಲಸಿಕೆ ಬಾಯಿಯ ಒಳಪದರಕ್ಕೆ ತಾಗಿದರೂ ನರಿಗೆ ರಕ್ಷಣೆ ಸಿಗುತ್ತದೆ ಎಂದು ತೋರಿಸಿದ್ದ. ಸೂಜಿಯೇ ಬೇಡ. ಹಾಗಾದರೆ ನರಿ ಬಾಯಿಗೆ ತಲುಪಿಸುವುದು ಹೇಗೆ?

ಕೋಳಿ ತಲೆ! ಕಸಾಯಿಖಾನೆಯಲ್ಲಿ ಬಿಸಾಡುವ ಕೋಳಿ ತಲೆಯ ಚರ್ಮದಡಿಗೆ ಲಸಿಕೆಯ ಪುಟ್ಟ ಪೊಟ್ಟಣ ತೂರಿಸಿದರು. ನರಿ ಕಚ್ಚಿದಾಗ ಪೊಟ್ಟಣ ಒಡೆದು ಬಾಯಿ ತುಂಬ ಲಸಿಕೆ. ಜೊತೆಗೆ ಟೆಟ್ರಾಸೈಕ್ಲಿನ್ ಬೆರೆಸಿದ್ದರು. ಅದು ಮೂಳೆಯಲ್ಲಿ ಗುರುತು ಬಿಡುತ್ತದೆ, ಆಮೇಲೆ ಸಿಕ್ಕ ನರಿ ತಲೆ ತಿಂದಿತ್ತೋ ಇಲ್ಲವೋ ಗೊತ್ತಾಗುತ್ತದೆ. 1978ರ ಅಕ್ಟೋಬರಿನಲ್ಲಿ ರೋನ್ ನದಿಯ ಕಣಿವೆಗೆ ಅಡ್ಡಲಾಗಿ ಈ ತಲೆಗಳನ್ನು ಹರಡಿದರು. ರೋಗ ಜಿನೀವಾ ಸರೋವರದ ಕಡೆಯಿಂದ ಕಣಿವೆಯ ಮೇಲಕ್ಕೆ ಬರುತ್ತಿತ್ತು. ಲಸಿಕೆ ಬಿದ್ದ ನರಿಗಳ ಬೇಲಿಯ ಹತ್ತಿರ ಬಂದು ನಿಂತಿತು, ದಾಟಲಿಲ್ಲ. ಬರ್ನ್ ನಗರದ ಫ್ರಾಂಟ್ಸ್ ಸ್ಟೆಕ್ ಈ ಕೆಲಸದ ಮುಂದಾಳು. ನಾಲ್ಕು ವರ್ಷದ ನಂತರ ಹೆಲಿಕಾಪ್ಟರಿನಲ್ಲಿ ಇದೇ ಕೆಲಸಕ್ಕೆ ಹೋದಾಗ ಅಪಘಾತದಲ್ಲಿ ತೀರಿಕೊಂಡರು. ಕೆಲಸ ನಿಲ್ಲಲಿಲ್ಲ. ಕೋಳಿ ತಲೆಯ ಬದಲು ಯಂತ್ರದಲ್ಲಿ ಮಾಡಿದ ಬಿಲ್ಲೆಗಳು ಬಂದವು, ವಿಮಾನದಿಂದ ಉದುರಿಸಿದರು. 2008ರಲ್ಲಿ ಜರ್ಮನಿ ರೇಬಿಸ್ ಮುಕ್ತ ಎನಿಸಿಕೊಂಡಿತು. ಒಂದು ರೋಗಕ್ಕಾಗಿ ಕಾಡಿಗೆ ಕಾಡನ್ನೇ ಉಪಚರಿಸಿದ ಇಂಥ ಇನ್ನೊಂದು ಕಥೆ ನನಗೆ ಗೊತ್ತಿಲ್ಲ.

ನರಿಯದು ಕಾಡಿನಿಂದ ಊರಿಗೆ ಬರುವ ರೋಗ. ಇದರ ಉಲ್ಟಾ ನೋಡಬೇಕಾದರೆ ಇಥಿಯೋಪಿಯಾಕ್ಕೆ ಹೋಗಬೇಕು. ಅಲ್ಲಿನ ಬಾಲೆ ಪರ್ವತಗಳಲ್ಲಿ ಕೆಂಗಂದು ಮೈಯ ಒಂದು ಜಾತಿಯ ತೋಳವಿದೆ, ಜಗತ್ತಿನಲ್ಲಿ ಉಳಿದಿರುವುದು ಸುಮಾರು ಐನೂರು. ದನ ಕಾಯುವವರ ನಾಯಿಗಳು ಅವಕ್ಕೆ ರೇಬಿಸ್ ಅಂಟಿಸುತ್ತವೆ. 2003ರಲ್ಲಿ ಒಂದು ಕಣಿವೆಯ ತೋಳಗಳಲ್ಲಿ ನಾಲ್ಕರಲ್ಲಿ ಮೂರು ಪಾಲು ಸತ್ತವು. ಪಶುವೈದ್ಯರು ಎಲ್ಲ ತೋಳಗಳ ಹಿಂದೆ ಓಡಲಿಲ್ಲ. ಆ ಕಣಿವೆಯಿಂದ ಪಕ್ಕದ ಕಣಿವೆಗೆ ದಾಟುವ ಹಾದಿಯಲ್ಲಿದ್ದವನ್ನು ಹಿಡಿದು ಚುಚ್ಚಿ ಬಿಟ್ಟರು. ರೋಗ ಹಾದಿಯಲ್ಲೇ ನಿಂತಿತು. ಮತ್ತೆ ಅದೇ ಉಪಾಯ, ರೋನ್ ಕಣಿವೆಯ ಬೇಲಿ.

ಇದನ್ನು ಓದಿದಾಗ ನನಗೆ ಕೊಪ್ಪಳದ ಕಡೆಯ ಬಯಲು ನೆನಪಾಯಿತು. ಅಲ್ಲಿ ಗಂಗಾವತಿ ತಾಲ್ಲೂಕಿನ ಬಂಕಾಪುರದಲ್ಲಿ ಈಚೆಗೆ ತೋಳ ವನ್ಯಧಾಮವಾಗಿದೆ. ತೋಳ, ಕುರಿಹಟ್ಟಿ, ಕುರಿ ಕಾಯುವ ನಾಯಿ ಮೂರೂ ಒಂದೇ ನೆಲದಲ್ಲಿ. ಕನ್ನಡ ನೆಲಕ್ಕೂ ನಾಯಿಗೂ ಇರುವ ನಂಟು ಹಳೆಯದು. ಮಂಡ್ಯ ಜಿಲ್ಲೆಯ ಆತಕೂರಿನ ಶಾಸನ ಹಂದಿಯೊಡನೆ ಹೋರಾಡಿ ಸತ್ತ ಕಾಳಿ ಎಂಬ ನಾಯಿಯ ನೆನಪಿಗೆ ಹತ್ತನೇ ಶತಮಾನದಲ್ಲಿ ನಿಂತದ್ದು. ಮೈಲಾರಲಿಂಗನ ಗೊರವರು ದೇವರ ನಾಯಿಗಳಾಗಿ ಬೊಗಳಿ, ದೋಣಿಗೆ ಬಾಯಿ ಹಾಕಿ ಹಾಲು ಕುಡಿಯುತ್ತಾರೆ. ಇಷ್ಟೆಲ್ಲ ಮಾಡುವ ನಾವು ಆ ನಾಯಿಗೆ ವರ್ಷಕ್ಕೊಂದು ಸೂಜಿ ಚುಚ್ಚುವುದನ್ನು ಯಾಕೆ ಮಾಡಲಿಲ್ಲ?

ನನಗೆ ಕಾಣುವ ಉತ್ತರ ಇದು. ಕಚ್ಚಿಸಿಕೊಂಡ ಮನುಷ್ಯ ಆರೋಗ್ಯ ಇಲಾಖೆಗೆ ಸೇರಿದವನು. ಸಾಕಿದ ನಾಯಿ ಪಶುಪಾಲನಾ ಇಲಾಖೆಗೆ, ಅಲ್ಲಿಯೂ ಹಾಲು ಕರೆಯುವುದಕ್ಕಿರುವ ಬೆಲೆ ಅದಕ್ಕಿಲ್ಲ. ಬೀದಿ ನಾಯಿ ಪಂಚಾಯ್ತಿ, ಪುರಸಭೆಗೆ. ತೋಳ ಅರಣ್ಯ ಇಲಾಖೆಗೆ. ಒಂದೇ ವೈರಾಣು, ನಾಲ್ಕು ಕಡತ. ಬೆಂಗಳೂರಿನಲ್ಲಿ ನಿಮ್ಹಾನ್ಸ್ ಇದೆ, ಹೆಬ್ಬಾಳದ ಪಶುವೈದ್ಯ ಕಾಲೇಜಿನಲ್ಲಿ ಅಂತರರಾಷ್ಟ್ರೀಯ ಮಾನ್ಯತೆಯ ರೇಬಿಸ್ ಪ್ರಯೋಗಾಲಯವಿದೆ. ಅಂದರೆ ತಿಳಿವಳಿಕೆಗೆ ನಮಗೆ ಬರವಿಲ್ಲ. 2019ರ ಜಾನುವಾರು ಗಣತಿ ದೇಶದಲ್ಲಿ 1.53 ಕೋಟಿ ಬೀದಿ ನಾಯಿ ಎಣಿಸಿತು. ಎಣಿಸಲು ಬರುತ್ತದೆ ಎಂದಾದರೆ ಚುಚ್ಚಲೂ ಬರಬೇಕು. ಗಡಿಯಾಚೆಯ ಗೋವಾದಲ್ಲಿ ಅದನ್ನು ಮಾಡಿ ತೋರಿಸಿದ್ದಾರೆ. ಸ್ವಯಂಸೇವಾ ಸಂಸ್ಥೆಯ ತಂಡಗಳು ಬಲೆ ಹಿಡಿದು ಓಣಿ ಓಣಿ ತಿರುಗಿ, ಬೀದಿ ನಾಯಿಯನ್ನು ಹಿಡಿದು, ಚುಚ್ಚಿ, ಅಲ್ಲೇ ಬಿಟ್ಟು, ಮೊಬೈಲಿನಲ್ಲಿ ಗುರುತು ಹಾಕಿಕೊಂಡು ಮುಂದಿನ ಓಣಿಗೆ ಹೋದವು. 2021ರಲ್ಲಿ ಅದು ದೇಶದ ಮೊದಲ ರೇಬಿಸ್ ನಿಯಂತ್ರಿತ ರಾಜ್ಯ ಎನಿಸಿತು. ಅದೇ ವರ್ಷ ಕೇಂದ್ರ ಸರ್ಕಾರ 2030ರೊಳಗೆ ನಾಯಿಯಿಂದ ಬರುವ ರೇಬಿಸ್ ತೊಲಗಿಸುವ ಯೋಜನೆ ಪ್ರಕಟಿಸಿತು. 2024ರಲ್ಲಿ ಬಂದ ಅಧ್ಯಯನವೊಂದು ದೇಶದಲ್ಲಿ ವರ್ಷಕ್ಕೆ 5,726 ಜನ ಇದರಿಂದ ಸಾಯುತ್ತಿದ್ದಾರೆ ಎಂದು ಅಂದಾಜಿಸಿದೆ. ಇಪ್ಪತ್ತು ವರ್ಷದ ಹಿಂದಿನ ಅಂದಾಜು ಇಪ್ಪತ್ತು ಸಾವಿರವಿತ್ತು. ಕಡಿಮೆಯಾಗಿದೆ, ನಿಜ. ಆದರೆ ಆ 5,726ರಲ್ಲಿ ಒಬ್ಬೊಬ್ಬರೂ ತಪ್ಪಿಸಬಹುದಾಗಿದ್ದ ಸಾವು.

ಮೊನ್ನೆ ಊರ ಹೊರಗೆ ಕುರಿ ತರುಬಿದ್ದ ಹಿರಿಯರೊಬ್ಬರ ಹತ್ತಿರ ಹೋಗಿದ್ದೆ. ನಾಲ್ಕು ನಾಯಿ, ಒಂದರ ಕಿವಿ ಹರಿದಿತ್ತು. 'ತ್ವಾಳ ಹಿಡದಿತ್ತು' ಅಂದರು. ಲಸಿಕೆ ಹಾಕಿಸಿದ್ದೀರಾ ಎಂದೆ. 'ಕುರಿಗೆ ಹಾಕಸ್ತೀವಿ. ನಾಯಿಗೂ ಐತೇನು?' ಅಂತ ನನ್ನನ್ನೇ ಕೇಳಿದರು. ಇದೆ ಕಾಕಾ, ಸೆಪ್ಟೆಂಬರಿನಲ್ಲಿ ಪಶು ಆಸ್ಪತ್ರೆಯಲ್ಲಿ ಪುಕ್ಕಟೆ ಹಾಕುತ್ತಾರೆ ಎಂದೆ. ಕೋಳಿ ತಲೆಯ ಕಥೆಯನ್ನೂ ಹೇಳಿದೆ. ಬಾಯಿಗೆ ಟವೆಲ್ ಅಡ್ಡ ಹಿಡಿದು ನಕ್ಕರು.

'ಕೋಳಿ ತಲಿ ಒಗದ್ರ ತ್ವಾಳಕ್ಕ ಎಲ್ಲಿ ಬಿಡ್ತಾವ ತಮ್ಮಾ, ಇವೇ ತಿಂದು ಬರ್ತಾವ. ತಿನ್ನಲಿ, ಇವಕ್ಕೂ ಬೇಕಲ್ಲ.' ಆಮೇಲೆ ಸ್ವಲ್ಪ ಹೊತ್ತು ಲೆಕ್ಕ ಹಾಕಿ, 'ಸಪ್ಟಂಬರ್ ಅಂದ್ರ ನಾವ್ ಇಲ್ಲಿ ಇರಂಗಿಲ್ಲ. ಆವಾಗ ಯಾವ ಊರಾಗ ಇರ್ತೀವೋ, ಆ ಊರಾಗೂ ಕೊಡ್ತಾರೇನು?' ಎಂದು ಕೇಳಿದರು.

ಪಶು ಆಸ್ಪತ್ರೆಯ ಡಾಕ್ಟರಿಗೆ ಅಲ್ಲಿಂದಲೇ ಫೋನ್ ಹಚ್ಚಿದೆ. ಸ್ಟಾಕ್ ಇದೆ, ನಾಳೆ ಬೆಳಿಗ್ಗೆ ಹತ್ತರೊಳಗೆ ನಾಯಿ ಕರೆದುಕೊಂಡು ಬರಲಿ ಎಂದರು. ಕುರಿ ಬಿಟ್ಟು ಬರುವುದು ಹೇಗೆ ಎಂದು ಕಾಕಾ ಕೇಳಿದರು. ಮರುದಿನ ಕಾಂಪೌಂಡರನ್ನು ನನ್ನ ಬೈಕಿನ ಹಿಂದೆ ಕೂರಿಸಿಕೊಂಡು, ಐಸ್ ಡಬ್ಬಿ ಹಿಡಿದು ನಾವೇ ಹೋದೆವು. ಮೂರು ನಾಯಿ ಸಿಕ್ಕವು. ಕಿವಿ ಹರಿದದ್ದು ನಮ್ಮನ್ನು ನೋಡಿದ್ದೇ ಹೊಲ ದಾಟಿ ಓಡಿಹೋಯಿತು.